ಒದ್ದೆ ನೆಲ, ಬಿಳಿ ಬೆಲ್ಟು

ಬಿನ್ನಿಪೇಟೆಯಿಂದ ಬಸವನಗುಡಿಗೆ ನಾಲ್ಕೈದು ಕಿಲೋಮೀಟರು ಇರಬಹುದು. ಮನೆಯ ಸಾಮಾನೆಲ್ಲ ಟೆಂಪೋದಲ್ಲಿ ಎರಡು ಟ್ರಿಪ್ಪಿಗೆ ಬಂದುಬಿಟ್ಟಿತು. ಶಿವಕುಮಾರಿಯ ಕರಾಟೆ ಮಾತ್ರ ಹಾಗೆ ಬರಲಿಲ್ಲ. ಅದನ್ನು ತರಲು ಮೂರು ತಿಂಗಳು ಹಿಡಿಯಿತು.

ಹಳೇ ಮನೆಯ ಓನರು ಅದನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸುತ್ತೇನೆಂದು ಖಾಲಿ ಮಾಡಿಸಿದ್ದರು. ಮಗಳು ಯಶಶ್ರೀಗೆ ಬಸವನಗುಡಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಗಾಗಿ ಗಂಡ ಮಂಜುನಾಥ್ ಗಾಂಧಿಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಮೊದಲ ಮಹಡಿಯ ಮನೆ ಹಿಡಿದ. ಎಸ್.ಜೆ.ಪಿ. ರಸ್ತೆಯಲ್ಲಿದ್ದ ಅವನ ಪೈಪು-ನಲ್ಲಿ ಅಂಗಡಿಗೆ ಎರಡು ಮನೆಯಿಂದಲೂ ಹೆಚ್ಚುಕಮ್ಮಿ ಅಷ್ಟೇ ದೂರ. ಮಗಳಿಗೆ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಅತ್ತೆ ಲಕ್ಷ್ಮೀದೇವಮ್ಮನಿಗೆ ದೊಡ್ಡಗಣಪತಿ ದೇವಸ್ಥಾನ ಹತ್ತಿರ. ಮನೆ ನೋಡಲು ಬಂದ ದಿನ ಎಲ್ಲರೂ ತಮತಮಗೆ ಏನೇನು ಹತ್ತಿರವಾಯಿತೆಂದು ಹೇಳಿಕೊಂಡು ಖುಷಿಪಟ್ಟರು. ಶಿವಕುಮಾರಿ ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಿದ್ದಳು. ನಿನಗೆ ಏನು ದೂರವಾಯಿತು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅವಳಿಗೆ ನಲವತ್ತಮೂರು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಿನ್ನಿಪೇಟೆಗೆ ಬಂದವಳು. ಮಗಳಿಗೆ ಹನ್ನೊಂದಾಗಿದ್ದಾಗ ಪಕ್ಕದ ಬೀದಿಯ ಸಮುದಾಯ ಭವನದಲ್ಲಿ ಕೆಂಚಪ್ಪ ಮಾಸ್ಟರ ಕರಾಟೆ ಕ್ಲಾಸಿಗೆ ಸೇರಿಸಿದಳು. ಬೆಳಿಗ್ಗೆ ಆರರಿಂದ ಏಳರವರೆಗೆ ಹೊರಗಿನ ಕಟ್ಟೆಯ ಮೇಲೆ ಮಗಳ ನೀರಿನ ಬಾಟಲಿ ಹಿಡಿದು ಕೂರುತ್ತಿದ್ದಳು. ಒಂದು ತಿಂಗಳಾದ ಮೇಲೆ ಕೆಂಚಪ್ಪ ಮಾಸ್ಟರು ಬಾಗಿಲಿಗೆ ಬಂದು, "ಏನಮ್ಮಾ, ಕೂತ್ಕೊಂಡೇ ಕಾಲು ಆಡಿಸ್ತೀಯ. ಅದನ್ನೇ ಒಳಗೆ ಬಂದು ನಿಂತ್ಕೊಂಡು ಆಡ್ಸು" ಅಂದರು. ಮಾರನೇ ದಿನ ಅವಳು ಚೂಡಿದಾರದಲ್ಲೇ ಹೋಗಿ ಕೊನೇ ಸಾಲಿನಲ್ಲಿ ನಿಂತಳು. ಹತ್ತನೇ ಕ್ಲಾಸು ಬಂದಾಗ ಯಶಶ್ರೀ ಬಿಟ್ಟಳು. ಅಮ್ಮ ಬಿಡಲಿಲ್ಲ. ಏಳು ವರ್ಷದಲ್ಲಿ ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ ಬೆಲ್ಟುಗಳನ್ನು ದಾಟಿ ಬ್ರೌನಿಗೆ ಬಂದಳು. ಅದಾದ ಮೇಲೆ ಇರುವುದು ಕಪ್ಪು ಒಂದೇ.

ಈ ಏಳು ವರ್ಷ ಮನೆಯಲ್ಲಿ ಒಂದು ದಿನವೂ ಆ ವಿಷಯಕ್ಕೆ ಜಗಳವಾಗಲಿಲ್ಲ. ಮಂಜುನಾಥ್ ಅದನ್ನು ತನ್ನ ದೊಡ್ಡ ಮನಸ್ಸು ಎಂದೇ ತಿಳಿದಿದ್ದ. ನಾನು ಅವಳಿಗೆ ಯಾವತ್ತೂ ಬೇಡ ಅಂದವನಲ್ಲ ಎಂದು ಅಂಗಡಿಗೆ ಬಂದವರ ಹತ್ತಿರವೂ ಹೇಳುತ್ತಿದ್ದ. ನಿಜ ಏನೆಂದರೆ ಅವಳು ನಾಲ್ಕೂವರೆಗೆ ಎದ್ದು ಅನ್ನಕ್ಕಿಟ್ಟು, ಪಲ್ಯಕ್ಕೆ ಹೆಚ್ಚಿ, ನೀರು ಹಿಡಿದು, ಬಾಗಿಲಿಗೆ ರಂಗೋಲಿ ಎಳೆದು ಹೋಗಿ, ಉಳಿದವರು ಹಾಸಿಗೆ ಬಿಡುವ ಹೊತ್ತಿಗೆ ಒಲೆ ಮುಂದೆ ಇರುತ್ತಿದ್ದಳು. ಅವಳು ಹೋಗಿ ಬಂದದ್ದು ಯಾರ ಕಾಫಿಗೂ ತಡ ಮಾಡಿರಲಿಲ್ಲ.

ಅತ್ತೆಯಂತೂ ಬಂದವರೆದುರು ತಮಾಷೆ ಮಾಡುವರು. "ನಮ್ಮ ಕುಮಾರಿ ಕಲ್ತಿರೋದು ಕಳ್ಳನ್ನ ಹೊಡೆಯೋಕಲ್ಲ ಕಣಮ್ಮ, ಸಿಲಿಂಡರ್ ಎತ್ತೋಕೆ. ಹೆಂಗೆ ಎತ್ತಾಳೆ ನೋಡ್ಬೇಕು ನೀನು."

ಹೊಸ ಮನೆಗೆ ಬಂದ ಮೇಲೆ ಎರಡು ವಾರ ಅವಳು ಹಳೇ ಕ್ಲಾಸಿಗೇ ಹೋದಳು. ಐದು ಗಂಟೆಗೆ ಹೊರಟು ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ವಾಪಸು ಬರುವಾಗ ಎಂಟು. ಅಷ್ಟು ಹೊತ್ತಿಗೆ ಮಂಜುನಾಥ್ ಪೇಪರು ಎರಡು ಸಲ ಓದಿರುತ್ತಿದ್ದ. ಕೊನೆಗೆ ಕರಾಟೆಗೆ ಅಡ್ಡ ಬಂದದ್ದು ಕಾಫಿಯಲ್ಲ, ನೀರು. ಆ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಿಗ್ಗೆ ಐದೂಮುಕ್ಕಾಲಿಗೆ ಬಂದು ಏಳಕ್ಕೆ ನಿಲ್ಲುತ್ತಿತ್ತು. ಕೆಳಗಿಳಿದು ನೆಲದೊಳಗಿನ ನೀರಿನ ತೊಟ್ಟಿ, ಅಂದರೆ ಸಂಪಿನ ವಾಲ್ವು ತೆಗೆಯಬೇಕು, ತುಂಬಿದ ಮೇಲೆ ಮುಚ್ಚಿ ಮೋಟಾರು ಹಾಕಬೇಕು. ಒಂದು ವಾರದಲ್ಲಿ ಎರಡು ಸಲ ಸಂಪು ಖಾಲಿ ಉಳಿಯಿತು. ಊರಿಗೆಲ್ಲ ವಾಲ್ವು ಮಾರುವ ಮಂಜುನಾಥನಿಗೆ ತನ್ನ ಮನೆಯ ವಾಲ್ವು ಯಾವ ಕಡೆ ತಿರುಗುತ್ತದೆಂದು ಗೊತ್ತಿರಲಿಲ್ಲ.

"ಇಲ್ಲೇ ಪಾರ್ಕಲ್ಲಿ ವಾಕಿಂಗ್ ಮಾಡ್ಬಹುದಲ್ಲ ಕುಮಾರಿ" ಅಂದ ಅವನು. ಸಿಟ್ಟಿನಿಂದಲ್ಲ, ಒಳ್ಳೆಯ ಸಲಹೆ ಕೊಡುವವನ ಹಾಗೆ. "ಅದೂ ಎಕ್ಸರ್ಸೈಸೇ ತಾನೆ."

"ವಾಕಿಂಗಿಗೆ ಬೆಲ್ಟ್ ಕೊಡ್ತಾರೇನ್ರೀ" ಎಂದು ಕೇಳಿ ಅವಳು ಪಾತ್ರೆ ತೊಳೆಯಲು ಹೋದಳು.

ಕೆಂಚಪ್ಪ ಮಾಸ್ಟರಿಗೆ ವಿಷಯ ಹೇಳಿದಳು. ಅಲ್ಲೇ ಹತ್ತಿರ ಮಧುಸೂದನ್ ಅಂತ ಒಬ್ಬರಿದ್ದಾರೆ, ಅವರ ಪದ್ಧತಿ ಬೇರೆ, ಆದರೆ ಶಿಸ್ತಿನವರು ಎಂದರು. ಲೆಟರ್‌ಹೆಡ್ಡಿನ ಮೇಲೆ ಕೈಬರಹದಲ್ಲಿ ಒಂದು ಪತ್ರ ಬರೆದು, ಅವಳ ಪರೀಕ್ಷೆಗಳ ಸೀಲು ಬಿದ್ದ ಪುಸ್ತಕವನ್ನೂ ಕೊಟ್ಟರು. "ಏಳು ವರ್ಷ ಇದರಲ್ಲೈತೆ. ಯಾರೂ ಕಿತ್ಕೊಳೋಕಾಗಲ್ಲ. ಆದ್ರೆ ಕೆಲವರು ನೋಡಕೂ ಒಪ್ಪಲ್ಲ, ಅದಕ್ಕೆ ಬೇಜಾರ್ ಮಾಡ್ಕೋಬೇಡ."

ಕೆಂಚಪ್ಪ ಮಾಸ್ಟರ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಕ್ಲಾಸಿಗೆ ಮುಂಚೆ ನೆಲ ಒರೆಸಬೇಕು. ಅದೂ ಮೇಲಿನ ಬೆಲ್ಟಿನಿಂದ ಶುರು. ಮೊದಲ ಬಟ್ಟೆ ಮಾಸ್ಟರದು, ಆಮೇಲೆ ಕಪ್ಪು ಬೆಲ್ಟಿನವರು, ಆಮೇಲೆ ಬ್ರೌನು. ಬಿಳಿ ಬೆಲ್ಟಿನವರು ಕೊನೆಗೆ, ಬಾಗಿಲ ಹತ್ತಿರದ ಒಂದು ಪಟ್ಟಿಯನ್ನಷ್ಟೇ. ಸೇರಿದ ಹೊಸದರಲ್ಲಿ ಅವಳಿಗೆ ಇದು ಹಿಡಿಸಿರಲಿಲ್ಲ. ಮನೆಯಲ್ಲೂ ಇದೇ, ಇಲ್ಲಿಗೆ ಬಂದರೂ ಇದೇನಾ ಅನ್ನಿಸಿತ್ತು. ಆಮೇಲೆ ನೋಡಿದರೆ ಬ್ಯಾಂಕಿನ ಆಫೀಸರೊಬ್ಬರು, ಆಟೋ ಓಡಿಸುವವನೊಬ್ಬ, ಇಬ್ಬರೂ ಮಂಡಿಯೂರಿ ಅಕ್ಕಪಕ್ಕದಲ್ಲಿ ಬಟ್ಟೆ ಎಳೆಯುತ್ತಿದ್ದರು. ಗಂಡಸರು ನೆಲ ಒರೆಸುವುದನ್ನು ಅವಳು ಜೀವನದಲ್ಲಿ ಮೊದಲು ನೋಡಿದ್ದು ಅಲ್ಲಿ. ಬಟ್ಟೆ ಹಿಂಡಲು ಬಾರದ ಆ ಆಫೀಸರಿಗೆ ಹಿಂಡುವುದನ್ನು ಕಲಿಸಿದವಳು ಅವಳೇ. ಬ್ರೌನ್ ಬೆಲ್ಟು ಬಂದ ದಿನ ಕಪ್ಪು ಬೆಲ್ಟಿನವರ ಹಿಂದೆಯೇ ಬಟ್ಟೆ ಕೈಗೆ ಬಂದಾಗ ಅವಳಿಗೆ ಹೆಮ್ಮೆಯಾಗಿತ್ತು.

ಆ ಅಭ್ಯಾಸವೇ ಹೊಸ ಜಾಗದಲ್ಲಿ ಅವಳಿಗೆ ತೊಂದರೆ ತಂದದ್ದು.

ಮಧುಸೂದನ್ ಮಾಸ್ಟರ ಕ್ಲಾಸು ಅವರ ಮನೆಯ ಮೇಲೆಯೇ. ಕೆಳಗೆ ವಾಸ, ಮೊದಲ ಮಹಡಿಯಲ್ಲಿ ಉದ್ದನೆಯ ಹಾಲು, ಅದರ ಮೇಲೆ ಟೆರೇಸು. ಹಾಲಿಗೆ ಹಳೇ ಕಾಲದ ಕೆಂಪು ನೆಲ, ಗೋಡೆ ತುಂಬ ಸರ್ಟಿಫಿಕೇಟು. ಮೇಲಿನ ಕಿಂಡಿಗಳಲ್ಲಿ ಪಾರಿವಾಳ. ಜುಲೈ ಮೊದಲ ದಿನ ಅವಳು ಆರಕ್ಕೆ ಹತ್ತು ನಿಮಿಷ ಇರುವಾಗಲೇ ಹೋದಳು. ಹಾಲಿನಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಬಕೆಟ್ಟು, ಒರೆಸುವ ಬಟ್ಟೆ ಇತ್ತು. ನೆಲದ ಮೇಲೆ ಧೂಳು, ಪುಕ್ಕ, ಪಾರಿವಾಳದ ಹಿಕ್ಕೆ. ಹೊಸ ಜಾಗದಲ್ಲಿ ಬೆಲ್ಟಿನ ಗೌರವ ಉಳಿಸಿಕೊಳ್ಳಬೇಕು, ಮೊದಲ ಬಟ್ಟೆ ನನ್ನದೇ ಇರಲಿ ಎಂದು ಅವಳು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಒರೆಸಲು ಶುರುಮಾಡಿದಳು.

ಅರ್ಧ ಆಗುವಷ್ಟರಲ್ಲಿ ಮಾಸ್ಟರ ಹೆಂಡತಿ ಚೂಡಾಮಣಿ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದವರು. ಫೀಸು, ಫಾರಮ್ಮು, ಕೀಲಿಕೈ ಎಲ್ಲ ನೋಡಿಕೊಳ್ಳುವವರು. ಅವಳನ್ನು ನೋಡಿ ಅವರ ಮುಖ ಅರಳಿತು.

"ಅಯ್ಯೋ, ಬಂದ್ಬಿಟ್ರಾ. ಭಾಗ್ಯ ಇವತ್ತು ಬರಲ್ಲ, ಬೇರೆಯವರನ್ನ ಕಳಿಸ್ತೀನಿ ಅಂತ ಫೋನ್ ಮಾಡಿದ್ಲು. ಆ ಕಿಟಕಿ ಕೆಳಗೂ ಒರೆಸ್ಬಿಡಿ, ಅಲ್ಲೇ ಜಾಸ್ತಿ ಗಲೀಜು."

ಭಾಗ್ಯ ಯಾರೋ ಸೀನಿಯರ್ ಬ್ಲ್ಯಾಕ್ ಬೆಲ್ಟು ಇರಬೇಕು ಎಂದುಕೊಂಡು ಶಿವಕುಮಾರಿ ಕಿಟಕಿಯ ಕೆಳಗೂ ಒರೆಸಿದಳು. ಬಕೆಟ್ಟಿನ ನೀರು ಚೆಲ್ಲಿ ಬಂದು, ಕೈ ತೊಳೆದು, ಬ್ಯಾಗಿನಿಂದ ಬಿಳಿ ಡ್ರೆಸ್ಸು ತೆಗೆದು, ಬ್ರೌನ್ ಬೆಲ್ಟನ್ನು ಅದರ ಮೇಲಿಟ್ಟಳು.

ಚೂಡಾಮಣಿ ಆ ಬೆಲ್ಟು ನೋಡಿದರು. ಅವಳ ಮುಖ ನೋಡಿದರು. ಬಕೆಟ್ಟು ನೋಡಿದರು.

"ನೀವು… ಕೆಲಸಕ್ಕೆ ಬಂದೋರಲ್ವಾ?"

"ಕ್ಲಾಸಿಗೆ ಬಂದಿರೋದು ಮೇಡಂ. ಕೆಂಚಪ್ಪ ಮಾಸ್ಟರ್ ಕಳಿಸಿದಾರೆ."

"ರಾಮ ರಾಮ" ಎಂದು ಚೂಡಾಮಣಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಗು ತಡೆಯಲಾಗಲಿಲ್ಲ. ಶಿವಕುಮಾರಿಗೂ ನಗು ಬಂತು. ಅಂದು ಮಧ್ಯಾಹ್ನ ಅತ್ತೆಗೆ ಹೇಳಿದಾಗ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಂಬಳ ಎಷ್ಟು ಅಂತ ಕೇಳಿದ್ಯಾ?" ಅಂದರು.

ನಗು ಬಾರದ ವಿಷಯ ಆಮೇಲಿನದು. ಮಧುಸೂದನ್ ಮಾಸ್ಟರು ಪತ್ರವನ್ನು ಓದಿದರು, ಪುಸ್ತಕದ ಒಂದೊಂದು ಪುಟವನ್ನೂ ತಿರುಗಿಸಿದರು. ಮೃದುವಾಗಿಯೇ ಹೇಳಿದರು.

"ಕೆಂಚಪ್ಪನವರ ಮೇಲೆ ಗೌರವ ಇದೆ ನಂಗೆ. ಆದ್ರೆ ನಮ್ಮಲ್ಲಿ ನಿಲುವು ಬೇರೆ. ಇನ್ನೂ ಉದ್ದ, ಇನ್ನೂ ತಗ್ಗು. ಬೇರೆ ಕಡೆಯಿಂದ ಯಾರೇ ಬರ್ಲಿ, ಮೂರು ತಿಂಗಳು ಬಿಳಿ ಬೆಲ್ಟು ಕಟ್ಕೊಂಡು ಹಿಂದಿನ ಸಾಲಲ್ಲಿ ನಿಲ್ಬೇಕು. ಅಕ್ಟೋಬರ್ ಮೊದಲ ಭಾನುವಾರ ಪರೀಕ್ಷೆ ಮಾಡ್ತೀನಿ. ಪಾಸಾದ್ರೆ ನಿಮ್ಮ ಬ್ರೌನು ನಿಮಗೆ. ಇಲ್ದಿದ್ರೆ ಬಿಳಿಯಿಂದಾನೇ ಶುರು. ಇನ್ನೊಂದು ವಿಷಯ, ಆರು ದಿನಕ್ಕಿಂತ ಜಾಸ್ತಿ ತಪ್ಪಿಸಿದ್ರೆ ಪರೀಕ್ಷೆಗೆ ಕೂರ್ಸಲ್ಲ. ಮೂರು ಸಲ ಲೇಟಾದ್ರೆ ಒಂದು ದಿನ ತಪ್ಪಿಸಿದ ಹಾಗೆ."

ಬಿಳಿಯಿಂದ ಶುರು ಎಂದರೆ ಮತ್ತೆ ಏಳು ವರ್ಷ. ಐವತ್ತಕ್ಕೆ ಬ್ರೌನು. ಅವಳು ಫಾರಮ್ಮಿಗೆ ಸಹಿ ಹಾಕಿದಳು. ಬ್ರೌನ್ ಬೆಲ್ಟನ್ನು ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ನುಸಿಗುಳಿಗೆ ಹಾಕಿ ಇಟ್ಟಳು.

ಆರು ದಿನ ಎಂಬುದು ಕಾಲೇಜು ಹುಡುಗರಿಗೆ ದೊಡ್ಡದಲ್ಲ. ಶಿವಕುಮಾರಿಗೆ ಆರು ದಿನ ಎಂದರೆ ಅತ್ತೆಗೆ ಜ್ವರ ಬಂದರೆ ಎರಡು, ಊರಿನ ಕಡೆ ಯಾರಾದರೂ ತೀರಿಕೊಂಡರೆ ಒಂದು, ಮಗಳ ಪರೀಕ್ಷೆಗೆ ಒಂದು. ಅವಳು ಅಂದೇ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ನೀರು ಬರುವ ದಿನಗಳಲ್ಲಿ ವಾಲ್ವು ತೆಗೆಯುವುದು ಯಶಶ್ರೀ, ಮುಚ್ಚಿ ಮೋಟಾರು ಹಾಕುವುದು ಮಂಜುನಾಥ್ ಎಂದು ಹೇಳಿದಳು. ಗಂಡನನ್ನು ಕೆಳಗೆ ಕರೆದುಕೊಂಡು ಹೋಗಿ ವಾಲ್ವು ತಿರುಗಿಸಿ ತೋರಿಸಿದಳು.

"ನಂಗೊತ್ತು ಬಿಡೇ, ದಿನಾ ಮಾರ್ತೀನಿ" ಅಂದ ಅವನು.

"ಮಾರೋದು ಬೇರೆ. ತಿರುಗ್ಸಿ ನೋಡೋಣ."

ಅವನು ಉಲ್ಟಾ ತಿರುಗಿಸಿದ. ಮಗಳು ಮೇಲಿನಿಂದ ನೋಡಿ ನಕ್ಕಳು.

ಆರೇಳು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಹೊಡೆತ, ತಡೆಗಳನ್ನು ಸಾಲಾಗಿ ಜೋಡಿಸಿದ ಕಟಾ ಹೇಗೋ ಬಂತು, ತಗ್ಗಿ ನಿಲ್ಲುವುದು ಕಷ್ಟವಾಗಿತ್ತು. ಏಳು ವರ್ಷ ಎತ್ತರಕ್ಕೆ ನಿಂತು ರೂಢಿಯಾದ ಮಂಡಿ ಸುಲಭಕ್ಕೆ ಇಳಿಯುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಅವಳು ಒಂದು ಕಾಲು ಮುಂದೆ ಚಾಚಿ ತಗ್ಗಿ ನಿಲ್ಲುತ್ತಿದ್ದಳು. "ಯಾಕೇ, ಒಲೆ ಮೇಲೆ ಯುದ್ಧಕ್ಕೆ ಹೊರಟಿದೀಯಾ" ಎಂದು ಅತ್ತೆ ಕೇಳುತ್ತಿದ್ದರು.

ಆಗಸ್ಟಿನಲ್ಲಿ ಭಾಗ್ಯ ಎಂಬ ಆ ಕೆಲಸದಾಕೆ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೋದಳು. ಚೂಡಾಮಣಿ ಶಿವಕುಮಾರಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ನನ್ನ ಸೊಂಟ ಬಗ್ಗಲ್ಲ ಕಣ್ರೀ. ಹೊಸಬಳು ಸಿಗೋವರೆಗೂ ನೀವೊಂಚೂರು ನೋಡ್ಕೊಳ್ತೀರಾ? ಅವತ್ತು ಎಷ್ಟು ಚೆನ್ನಾಗಿ ಒರೆಸಿದ್ರಿ. ಈ ಹುಡುಗ್ರಿಗೆ ಹೇಳಿದ್ರೆ ನೀರು ಚೆಲ್ಲಾಡಿ ಹೋಗ್ತಾರೆ."

ಅವಳು ಒಪ್ಪಿದಳು. ಬಿಳಿ ಬೆಲ್ಟಿನಲ್ಲಿದ್ದೇನೆ, ಒರೆಸಿದರೆ ತಪ್ಪೇನಿಲ್ಲ ಎಂದುಕೊಂಡಳು. ಮಾಸ್ಟರು ನೋಡಿದರೆ ಒಳ್ಳೆಯದೇ ಎಂಬ ಆಸೆಯೂ ಇರಲಿಲ್ಲವೆಂದಲ್ಲ. ಮನೆಯ ಕೆಲಸ ಬಿಟ್ಟು ದಿನಾ ಇನ್ನೂ ಬೇಗ ಬರಲು ಅವಳಿಗೆ ಆಗುತ್ತಿರಲಿಲ್ಲ. ಆರು ಗಂಟೆಗೆ ಎಲ್ಲರೂ ಟೆರೇಸಿಗೆ ಹೋಗಿ ಮೈ ಸಡಿಲ ಮಾಡಿಕೊಳ್ಳುವ ವ್ಯಾಯಾಮ ಮಾಡುವರು. ಆ ಹತ್ತು ನಿಮಿಷದಲ್ಲಿ ಅವಳು ಕೆಳಗೆ ಹಾಲಿನ ನೆಲ ಒರೆಸಿ, ಅವರು ಇಳಿದು ಬಂದಾಗ ಹಿಂದಿನ ಸಾಲಿಗೆ ಸೇರಿಕೊಳ್ಳುವಳು. ಹುಡುಗರು ಒದ್ದೆ ನೆಲದ ಅಂಚಿನಲ್ಲಿ ಕಾಲೆತ್ತಿ ದಾಟುವರು. "ಸೂಪರ್ ಆಂಟಿ, ಕನ್ನಡಿ ಥರ ಹೊಳೀತಿದೆ" ಅನ್ನುವರು. ಹೊಸ ಕೆಲಸದಾಕೆ ಸಿಗಲಿಲ್ಲ. ಹುಡುಕುವ ಅವಸರವೂ ಯಾರಿಗೂ ಇದ್ದ ಹಾಗೆ ಕಾಣಲಿಲ್ಲ. ಹೀಗೆ ಮೂರು ವಾರವಾಯಿತು.

ಸೆಪ್ಟೆಂಬರಿನ ಮೊದಲ ಶನಿವಾರ ಕ್ಲಾಸು ಮುಗಿದ ಮೇಲೆ ಮಧುಸೂದನ್ ಮಾಸ್ಟರು ಅವಳನ್ನು ನಿಲ್ಲಿಸಿದರು.

"ಶಿವಕುಮಾರಿಯವರೇ, ನಿಮ್ಮ ಕಟಾ ಸುಧಾರಿಸಿದೆ. ಸೊಂಟ ಇನ್ನೂ ಇಳೀತಿಲ್ಲ. ವಾರ್ಮಪ್ ತಪ್ಪಿಸಿದ್ರೆ ಹೇಗೆ ಇಳಿಯುತ್ತೆ? ರಿಜಿಸ್ಟರ್ ನೋಡ್ದೆ. ಹದಿನೆಂಟು ಲೇಟಿದೆ. ಅಲ್ಲಿಗೆ ಆರು ದಿನ ಆಗೋಯ್ತು. ಇನ್ನೊಂದು ದಿನ ತಪ್ಪಿಸಿದ್ರೂ ಪರೀಕ್ಷೆ ಇಲ್ಲ ನಿಮಗೆ."

ಅವಳಿಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಅವಳು ಒಂದು ದಿನವೂ ಲೇಟಾಗಿ ಬಂದಿರಲಿಲ್ಲ. ಜ್ವರ ಬಂದಾಗಲೂ ಬಂದಿದ್ದಳು. ಹಾಜರಿ ಹಾಕುವವನು ಸಮರ್ಥ, ಬ್ಲ್ಯಾಕ್ ಬೆಲ್ಟಿನ ಇಪ್ಪತ್ತೆರಡರ ಯುವಕ. ಅವನು ಮೆಟ್ಟಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದ. ಅವಳು ಅವನ ಹತ್ತಿರ ಹೋದಳು.

"ನಾನ್ಯಾವತ್ತು ಲೇಟಾಗಿ ಬಂದೆ ಸಮರ್ಥ?"

"ಲೇಟಾಗಿ ಬಂದ್ರಿ ಅಂತಲ್ಲ ಆಂಟಿ. ಟೆರೇಸಲ್ಲಿ ಹೆಸರು ಕೂಗ್ದಾಗ ನೀವು ಇರಲ್ಲ. ಆಬ್ಸೆಂಟ್ ಹಾಕ್ಬೇಕಿತ್ತು, ನಾನೇ ಪಾಪ ಅಂತ ಲೇಟ್ ಹಾಕ್ದೆ."

"ಎಲ್ಲಿರ್ತೀನಿ ನಾನು ಆಗ?"

"ಕೆಳಗೆ."

"ಕೆಳಗೆ ಏನ್ ಮಾಡ್ತಿರ್ತೀನಿ?"

"ಒರೆಸ್ತಿರ್ತೀರ."

"ಯಾರು ನಿಂತ್ಕೊಳೋ ನೆಲ?"

ಸಮರ್ಥ ಶೂ ಲೇಸನ್ನು ಇನ್ನೊಂದು ಸಲ ಬಿಚ್ಚಿ ಕಟ್ಟಿದ. "ಅದಕ್ಕೆ ಕಾಲಮ್ ಇಲ್ವಲ್ಲ ಆಂಟಿ ರಿಜಿಸ್ಟರಲ್ಲಿ" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ನಡೆದು ಬರುವಾಗ ಅವಳಿಗೆ ಅಳು ಬರಲಿಲ್ಲ. ಹೂವಿನವರು ಮೊಳ ಹಾಕುತ್ತಿದ್ದರು. ಅವಳು ಸೇವಂತಿಗೆ, ಕೊತ್ತಂಬರಿ ಕೊಂಡು, ಬಂದು ಉಪ್ಪಿಟ್ಟು ಮಾಡಿದಳು. ಎಲ್ಲರೂ ತಿಂದರು. ತಟ್ಟೆಗಳನ್ನು ತಂದು ಸಿಂಕಿನಲ್ಲಿಟ್ಟರು. ಇಟ್ಟು ಹೋದರು. ಇಲ್ಲೂ ಅಷ್ಟೇ, ಅದಕ್ಕೆ ಕಾಲಮ್ ಇಲ್ಲ ಎಂದುಕೊಂಡು ಅವಳು ಮೊದಲ ಬಾರಿಗೆ ಆ ತಟ್ಟೆಗಳನ್ನು ಹಾಗೇ ಬಿಟ್ಟು, ನಡುಮನೆಯಲ್ಲಿ ಕಾಲು ಚಾಚಿ ಸೊಂಟ ತಗ್ಗಿಸಿ ಅರ್ಧ ಗಂಟೆ ನಿಂತಳು.

ಸೋಮವಾರ ಆರಕ್ಕೆ ಅವಳು ನೇರ ಟೆರೇಸಿಗೆ ಹೋದಳು. ಸಮರ್ಥ ಹೆಸರು ಕೂಗಿದ. "ಹಾಜರ್" ಅಂದಳು. ಎಲ್ಲರ ಜೊತೆ ಬಗ್ಗಿದಳು, ತಿರುಗಿದಳು, ಬೆವತಳು. ಹತ್ತು ನಿಮಿಷವಾದ ಮೇಲೆ ಸಾಲಾಗಿ ಕೆಳಗಿಳಿದು ಬಂದರು.

ಹಾಲಿನ ಬಾಗಿಲಲ್ಲಿ ಸಾಲು ನಿಂತುಬಿಟ್ಟಿತು. ಭಾನುವಾರದ ರಜೆಯ ಗಲೀಜೂ ಸೇರಿಕೊಂಡಿತ್ತು. ಎಲ್ಲ ಕಡೆ ಪುಕ್ಕ, ಹಿಕ್ಕೆ. ರಸ್ತೆ ಅಗೆದಿದ್ದರಿಂದ ಬಂದ ಮಣ್ಣು. ಬರಿಗಾಲಿನಲ್ಲಿ ಒಳಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಹಿಂದಿನಿಂದ ಬಂದ ಮಾಸ್ಟರು ಕೇಳಿದರು.

"ಇವತ್ತು ಯಾಕೆ ಒರೆಸಿಲ್ಲ?"

ಹದಿನೇಳು ಜನರ ಕಣ್ಣು ಮೆಲ್ಲಗೆ ಶಿವಕುಮಾರಿಯ ಕಡೆ ತಿರುಗಿತು. ಯಾರು ಒರೆಸಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಮಾಸ್ಟರೊಬ್ಬರೇ.

"ನಾನು ಒರೆಸ್ತಿದ್ದೆ ಮಾಸ್ಟರ್" ಅಂದಳು ಅವಳು. "ಮೂರು ವಾರ. ಅದೇ ಆ ಹದಿನೆಂಟು ಲೇಟು. ಇವತ್ತು ಲೇಟಾಗೋದು ಬೇಡ ಅಂತ ಮೇಲೆ ಬಂದೆ."

"ನೀವ್ಯಾಕೆ ಒರೆಸ್ತಿದ್ರಿ? ಭಾಗ್ಯ ಇಲ್ವಾ?"

ಭಾಗ್ಯ ಹೋಗಿ ಮೂರು ವಾರವಾದದ್ದು ಅವರಿಗೆ ಗೊತ್ತಿರಲಿಲ್ಲ. ಅವರು ಬರುವಾಗ ನೆಲ ಒರೆಸಿರುತ್ತಿತ್ತು, ಅಷ್ಟೇ. ಅಷ್ಟರಲ್ಲಿ ಸದ್ದು ಕೇಳಿ ಚೂಡಾಮಣಿ ಮೆಟ್ಟಿಲು ಹತ್ತಿ ಬಂದಿದ್ದರು. ಅವರೇ ಬಕೆಟ್ಟಿನ ಕಡೆ ಹೋಗುತ್ತಾ, "ನಾನೇ ಹೇಳಿದ್ದು ರೀ ಅವರಿಗೆ. ಬಿಡಿ, ನಾನೇ ಒರೆಸ್ತೀನಿ, ಐದು ನಿಮಿಷ" ಅಂದರು.

"ಮೇಡಂ, ನಿಮ್ಮ ಸೊಂಟ" ಅಂದಳು ಶಿವಕುಮಾರಿ.

"ಸೊಂಟ ಹೋಗಿದ್ದೇ ಇಲ್ಲಿ ಕಣ್ರೀ. ಭಾಗ್ಯ ಬರೋಕೆ ಮುಂಚೆ ಇಪ್ಪತ್ತು ವರ್ಷ ಈ ನೆಲ ನಾನು ಒರೆಸಿದೀನಿ. ಇವರು ನಂಗೆ ಒಂದು ಹಳದಿ ಬೆಲ್ಟಾದ್ರೂ ಕೊಟ್ರಾ ಕೇಳಿ."

ನೀಲಿ ಬೆಲ್ಟಿನ ಆರಾಧನಾ ಎಂಬ ಹುಡುಗಿ ನಗು ತಡೆಯಲು ಹೋಗಿ ಕೆಮ್ಮಿದಳು. ಮಾಸ್ಟರ ಕಿವಿ ಕೆಂಪಾಯಿತು. ಅವರು ಶಿಸ್ತಿನ ಮನುಷ್ಯ, ತಮ್ಮ ಹಾಲಿನಲ್ಲಿ ತಮಗೆ ಗೊತ್ತಿಲ್ಲದೆ ಏನೋ ನಡೆಯುತ್ತಿತ್ತು ಎಂಬುದೇ ಅವರಿಗೆ ಹೆಚ್ಚು ಚುಚ್ಚಿರಬೇಕು. "ರೂಲ್ ಎಲ್ಲರಿಗೂ ಒಂದೇ" ಎಂದರು. "ಹಾಕಿದ ಲೇಟು ಹಾಕಿದ್ದೇ. ನಿಮಗೊಬ್ಬರಿಗೆ ತೆಗೆಯೋಕಾಗಲ್ಲ."

"ತೆಗೀಬೇಡಿ ಮಾಸ್ಟರ್. ಇನ್ನು ನಾಲ್ಕು ವಾರ ಇದೆ, ಒಂದು ದಿನವೂ ತಪ್ಪಿಸಲ್ಲ. ಆದ್ರೆ ಒರೆಸೋದನ್ನೂ ಎಲ್ಲರಿಗೂ ಒಂದೇ ಮಾಡಿ. ಹಾಜರಿ ಆದ್ಮೇಲೆ ಇಟ್ಕೊಳ್ಳಿ. ನಮ್ಮ ಕೆಂಚಪ್ಪ ಮಾಸ್ಟರ್ ಹತ್ರ ಮೇಲಿನ ಬೆಲ್ಟಿಂದ ಶುರುವಾಗೋದು."

"ಮೇಲಿನ ಬೆಲ್ಟು ಅಂದ್ರೆ?"

"ಮೊದಲ ಬಟ್ಟೆ ಮಾಸ್ಟರದು."

ಅಂದು ಯಾರೂ ಒರೆಸಲಿಲ್ಲ. "ಇವತ್ತು ಟೆರೇಸಲ್ಲೇ ಕ್ಲಾಸು" ಎಂದು ಮಾಸ್ಟರು ತಿರುಗಿ ಮೆಟ್ಟಿಲು ಹತ್ತಿದರು. ಬಿಸಿಲು ಏರುವವರೆಗೂ ಅಲ್ಲೇ ಮಾಡಿಸಿದರು. ಶಿವಕುಮಾರಿಯ ಕಡೆ ಒಂದು ಸಲವೂ ನೋಡಲಿಲ್ಲ. ಕೆಟ್ಟಿತು, ಸುಮ್ಮನಿದ್ದಿದ್ದರೆ ಪರೀಕ್ಷೆಯಾದರೂ ಇರುತ್ತಿತ್ತು ಎಂದು ಅವಳು ಆ ದಿನವೆಲ್ಲ ಅಂದುಕೊಂಡಳು.

ಮಾರನೇ ದಿನ ಹಾಲಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಮಾಸ್ಟರ ಅಂದವಾದ ಅಕ್ಷರ. ಹಾಜರಿಯ ನಂತರ ನೆಲ ಒರೆಸುವ ಕ್ರಮ ಎಂದು ಮೇಲೆ ಬರೆದು, ಕೆಳಗೆ ಹೆಸರುಗಳು. ಒಂದು, ಮಧುಸೂದನ್. ಎರಡು, ಸಮರ್ಥ. ಹತ್ತೊಂಬತ್ತನೆಯದು, ಕೊನೆಯದು, ಶಿವಕುಮಾರಿ. ದಿನಕ್ಕೆ ಮೂವರು.

ಮೊದಲ ದಿನ ಮಾಸ್ಟರು ಬಟ್ಟೆಯನ್ನು ಬಕೆಟ್ಟಿನಿಂದ ಎತ್ತಿ ಎರಡು ಬೆರಳಲ್ಲಿ ಹಿಂಡಿದರು. ನೆಲದ ಮೇಲೆ ಕೆರೆಯಾಯಿತು. ಯಾರೂ ನಗಲಿಲ್ಲ. ಚೂಡಾಮಣಿ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಕೊನೆಗೆ ಅವರೇ ಹೋಗಿ ಬಟ್ಟೆ ಈಸಿಕೊಂಡು, "ಹೀಗಲ್ಲ, ಎರಡೂ ಕೈ ಉಲ್ಟಾ ಹಿಡಿದು ತಿರುಚ್ಬೇಕು. ದಿನಾ ಹುಡುಗ್ರಿಗೆ ಮಣಿಕಟ್ಟು ತಿರುಗ್ಸು ಅಂತ ಹೇಳಿಕೊಡಲ್ವಾ, ಅದೇ" ಎಂದು ತೋರಿಸಿ ವಾಪಸು ಕೊಟ್ಟರು.

ಇನ್ನು ಉಳಿದದ್ದು ಮನೆಯ ಕಡೆಯಿಂದ ಒಂದು ದಿನವೂ ತಪ್ಪದಂತೆ ಆ ನಾಲ್ಕು ವಾರ ದಾಟುವುದು. ಅದರಲ್ಲಿ ಒಂದು ದಿನ ಹಿರಿಯರ ಹಬ್ಬ. ತೀರಿಹೋದವರಿಗೆ ಅವರು ಇಷ್ಟಪಟ್ಟ ಅಡುಗೆಯನ್ನೆಲ್ಲ ಮಾಡಿ, ಹೊಸಬಟ್ಟೆ ಇಟ್ಟು, ಎಡೆ ಇಡುವ ಅಮಾವಾಸ್ಯೆ. ಮಟನ್ ಸಾರು, ಕೋಳಿ, ಮುದ್ದೆ, ವಡೆ, ಪಾಯಸ, ಮಾವನಿಗೆ ಇಷ್ಟವಾದ ಹುರುಳಿಕಾಳು ಬಸ್ಸಾರು. ಮಾಗಡಿಯಿಂದ ಬರುವ ನೆಂಟರೂ ಸೇರಿ ಹದಿನೈದು ಎಲೆ. ಆ ದಿನ ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನದವರೆಗೆ ಶಿವಕುಮಾರಿ ಅಡುಗೆಮನೆಯ ಹೊಸಿಲು ದಾಟಿದ್ದು ಇಪ್ಪತ್ತು ವರ್ಷದಲ್ಲಿ ಇಲ್ಲ.

ಅವಳು ಒಂದು ವಾರ ಮುಂಚೆಯೇ ಹೇಳಿದಳು. "ಆವತ್ತೂ ನಾನು ಆರರಿಂದ ಏಳೂಕಾಲಿನವರೆಗೆ ಇರಲ್ಲ."

ಮಂಜುನಾಥ್ ಪೇಪರು ಇಳಿಸಿದ. "ಹಿರಿಯರ ಹಬ್ಬದ ದಿನಾನಾ? ಒಂದಿನ ಬಿಟ್ರೆ ಏನಾಗುತ್ತೆ?"

"ಒಂದಿನ ಬಿಟ್ರೆ ಏಳು ವರ್ಷ ಹೋಗುತ್ತೆ."

"ಅಪ್ಪ ಏನಂದ್ಕೋತಾರೆ" ಎಂದ ಅವನು, ತೀರಿಹೋದ ತಂದೆಯ ಫೋಟೋ ನೋಡಿ.

ಲಕ್ಷ್ಮೀದೇವಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಿಮ್ಮಪ್ಪ ಬದುಕಿದ್ದಾಗ ಎಂಟು ಗಂಟೆಗೆ ಮುಂಚೆ ಎದ್ದೋರಲ್ಲ. ಸತ್ತ ಮೇಲೆ ಆರಕ್ಕೆ ಬಂದು ಎಲೆ ಮುಂದೆ ಕೂತ್ಕೊತಾರಾ? ಎಡೆ ಇಡೋದು ಒಂದು ಗಂಟೆಗೆ. ನೀನು ಹೋಗಿ ಬಾ ಕುಮಾರಿ. ಮಂಜ, ಕಾಯಿ ತುರಿಯೋದು ನಿಂದು. ಆರು ಕಾಯಿ."

"ನಂಗೆ ಬರಲ್ಲಮ್ಮ."

"ಬೆರಳು ತುರಿದುಹೋಗ್ದಂಗೆ ತುರಿ. ಅಷ್ಟು ಬಂದ್ರೆ ಸಾಕು."

ಅಮಾವಾಸ್ಯೆಯ ದಿನ ಅವಳು ಏಳೂಕಾಲಿಗೆ ಬಂದಾಗ ಮಂಜುನಾಥ್ ಈಳಿಗೆಮಣೆಯ ಮೇಲೆ ಕೂತು ನಾಲ್ಕನೇ ಕಾಯಿಯಲ್ಲಿದ್ದ. ತುರಿಯಲ್ಲಿ ಕರಟದ ಚೂರು ಸೇರಿತ್ತು. ಯಶಶ್ರೀ ಈರುಳ್ಳಿ ಹೆಚ್ಚಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಅವಳು ಡ್ರೆಸ್ಸು ಬದಲಿಸಿ ಬಂದು ಮಸಾಲೆಗೆ ಇಟ್ಟಳು. ಬಂದ ನೆಂಟರಲ್ಲಿ ಒಬ್ಬರು ಸಾರಿನಲ್ಲಿ ಕರಟ ಸಿಕ್ಕಿತೆಂದು ಹೇಳಿದರು. "ಅದು ಮಂಜ ತುರಿದಿದ್ದು" ಎಂದು ಲಕ್ಷ್ಮೀದೇವಮ್ಮ ಮೂರು ಸಲ, ಮೂರು ಬೇರೆ ಬೇರೆ ಜನರಿಗೆ, ಮಗನಿಗೆ ಕೇಳಿಸುವಂತೆ ಹೇಳಿದರು.

ಅಕ್ಟೋಬರಿನ ಮೊದಲ ಭಾನುವಾರದ ಪರೀಕ್ಷೆ ನಲವತ್ತು ನಿಮಿಷ ನಡೆಯಿತು. ಮಧುಸೂದನ್ ಮಾಸ್ಟರು ಅವಳಿಂದ ತಮ್ಮ ಪದ್ಧತಿಯ ಮೂರು ಕಟಾ ಮಾಡಿಸಿದರು. ಎರಡನೆಯದನ್ನು ಮತ್ತೆ ಮಾಡಿಸಿದರು. ಆಮೇಲೆ ಸಮರ್ಥನ ಎದುರು ನಿಲ್ಲಿಸಿದರು. ಸಮರ್ಥ ವೇಗದವನು, ಎರಡು ಪೆಟ್ಟು ಕೊಟ್ಟ. ಮೂರನೆಯದಕ್ಕೆ ಅವಳು ತಗ್ಗಿ, ಅವನ ಮುಂಗಾಲಿನ ಹಿಂದೆ ತನ್ನ ಕಾಲಿಟ್ಟು ತಳ್ಳಿದಳು. ಅವನು ಕೂತುಬಿಟ್ಟ. "ಸೊಂಟ ಇಳಿದಿದೆ" ಎಂದು ಮಾಸ್ಟರು ಹಾಳೆಯಲ್ಲಿ ಏನೋ ಬರೆದರು. ಪುಸ್ತಕದಲ್ಲಿ ಕೆಂಚಪ್ಪ ಮಾಸ್ಟರ ಕೊನೇ ಸೀಲಿನ ಕೆಳಗೆ ತಮ್ಮ ಸೀಲು ಒತ್ತಿದರು.

"ಹೊಸ ಬೆಲ್ಟು ತರಿಸೋದು ಬೇಡ. ನಿಮ್ಮ ಹಳೇದನ್ನೇ ಕಟ್ಕೊಂಡು ಬನ್ನಿ ನಾಳೆ" ಅಂದರು. ಕಪ್ಪು ಬೆಲ್ಟಿನ ಮಾತು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅದಕ್ಕೆ ಇನ್ನೂ ಎರಡು ವರ್ಷವಿದೆ.

ಮನೆಗೆ ಬಂದು ಬೀರು ತೆಗೆದಳು. ಬೆಲ್ಟಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ಟೆರೇಸಿನಲ್ಲಿ ಬಿಸಿಲಿಗೆ ಹಾಕಿ, ಕೆಂಚಪ್ಪ ಮಾಸ್ಟರಿಗೆ ಫೋನು ಮಾಡಿದಳು. ಅವರು, "ನೆಲ ಯಾರು ಒರೆಸ್ತಾರೆ ಅಲ್ಲಿ?" ಎಂದಷ್ಟೇ ಕೇಳಿದರು.

ಸೋಮವಾರ ಬಾಗಿಲ ಮೇಲಿನ ಹಾಳೆಯಲ್ಲಿ ಅವಳ ಹೆಸರು ಹತ್ತೊಂಬತ್ತರಿಂದ ಮೂರಕ್ಕೆ ಬಂದಿತ್ತು. ಅಂದು ಸರದಿ ಮತ್ತೆ ಮೊದಲಿನಿಂದ. ಮಾಸ್ಟರು ಕಿಟಕಿಯ ಕಡೆಯಿಂದ, ಸಮರ್ಥ ಮಧ್ಯದಿಂದ, ಅವಳು ಬಾಗಿಲ ಕಡೆಯಿಂದ ಒರೆಸಿದರು. ಮಾಸ್ಟರು ಮೂಲೆಯಲ್ಲಿ ಒಂದಷ್ಟು ಹಿಕ್ಕೆ ಬಿಟ್ಟಿದ್ದರು. ಅವಳ ಕಣ್ಣಿಗೆ ಬಿತ್ತು, ಕೈಯೂ ಆ ಕಡೆ ಹೊರಟಿತು. ಹೊರಟ ಕೈಯನ್ನು ಹಿಂದಕ್ಕೆ ತಂದುಕೊಂಡು ಅವಳು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು.

"ಮಾಸ್ಟರ್, ಆ ಮೂಲೆ" ಅಂದಳು.

ಅವರು ಹೋಗಿ ಒರೆಸಿ ಬಂದರು. ಅವಳು ಮುಂದಿನ ಸಾಲಿನಲ್ಲಿ ಹೋಗಿ ನಿಂತಳು. ನೆಲ ಇನ್ನೂ ಸ್ವಲ್ಪ ಒದ್ದೆಯಾಗಿತ್ತು.